ಹೊಸ ಯಂತ್ರವನ್ನು ಫೀಲ್ಡಿಗೆ ಇಳಿಸಿ ನೋಡಲು ಸರ್ಕಾರದ ದುಡ್ಡು: ಯಾರ ಹತ್ತಿರ ಕೇಳಬೇಕು, ಹೇಗೆ ಕೇಳಬೇಕು

ನಿಮ್ಮ ಹತ್ತಿರ ಒಂದು ಯಂತ್ರವೋ ಸಾಫ್ಟ್‌ವೇರೋ ಇದೆ ಅಂದುಕೊಳ್ಳಿ. ಟೇಬಲ್ ಮೇಲೆ ಚೆನ್ನಾಗಿ ಓಡುತ್ತದೆ. ಆದರೆ ನಿಜವಾದ ಕಾರ್ಖಾನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ, ಕರೆಂಟ್ ಹೋಗಿ ಬಂದು ಮಾಡುವ ಕಡೆ, ನಿಮ್ಮ ಕೈ ಬಿಟ್ಟು ಬೇರೆಯವರ ಕೈಗೆ ಹೋದ ಮೇಲೆ ಓಡುತ್ತದಾ ಅಂತ ಯಾರಿಗೂ ಗೊತ್ತಿಲ್ಲ. ಇದನ್ನು ತಿಳಿದುಕೊಳ್ಳಲಿಕ್ಕೆ ದುಡ್ಡು ಬೇಕು. ಬ್ಯಾಂಕ್ ಕೊಡಲ್ಲ, ಅಡ ಇಡಲು ಏನೂ ಇಲ್ಲವಲ್ಲ. ಹೂಡಿಕೆದಾರರು "ಗಿರಾಕಿ ಸಿಕ್ಕ ಮೇಲೆ ಬನ್ನಿ" ಅಂತಾರೆ. ಗಿರಾಕಿ "ಬೇರೆ ಎಲ್ಲಿ ಹಾಕಿದ್ದೀರಿ, ತೋರಿಸಿ" ಅಂತಾನೆ.

ಈ ಜಾಗಕ್ಕೆ ಅಂತಲೇ ಕೇಂದ್ರ ಮತ್ತು ರಾಜ್ಯ ಸರ್ಕಾರದ ಗ್ರಾಂಟ್‌ಗಳಿವೆ. ಸಾಲ ಅಲ್ಲ, ನಿಮ್ಮ ಕಂಪನಿಯಲ್ಲಿ ಪಾಲೂ ಕೇಳಲ್ಲ. ಆದರೆ ನಾನು ನೋಡಿದ ಹೆಚ್ಚಿನ ಅರ್ಜಿಗಳಲ್ಲಿ ಒಂದೇ ಕೊರತೆ ಕಾಣುತ್ತದೆ. ಹತ್ತು ಪುಟ ಉತ್ಪನ್ನದ ಹೊಗಳಿಕೆ, ಮಾರುಕಟ್ಟೆ ಇಷ್ಟು ಸಾವಿರ ಕೋಟಿ ಅನ್ನುವ ಒಂದು ಚಾರ್ಟ್, ಕೊನೆಗೆ "ಪೈಲಟ್ ಮಾಡುತ್ತೇವೆ" ಅಂತ ಒಂದು ಸಾಲು. ಕೇಳುತ್ತಿರುವ ದುಡ್ಡು ಆ ಒಂದು ಸಾಲಿಗೆ. ಅದನ್ನೇ ಬಿಡಿಸಿ ಬರೆದಿರಲ್ಲ. ಎಲ್ಲಿ, ಯಾರ ಜಾಗದಲ್ಲಿ, ಏನು ಅಳೆಯುತ್ತೀರಿ, ಯಾವ ಅಂಕಿ ಬಂದರೆ ಗೆದ್ದ ಹಾಗೆ, ಯಾವುದು ಬಂದರೆ ಕೈಬಿಡುತ್ತೀರಿ? ಇಷ್ಟನ್ನು ಸರಿಯಾಗಿ ಬರೆದವರ ಅರ್ಜಿ ರಾಶಿಯಲ್ಲಿ ಎದ್ದು ಕಾಣುತ್ತದೆ. ಹಾಗಾಗಿ ಈ ಬರಹದ ಅರ್ಧ ಭಾಗ ಪ್ರಯೋಗವನ್ನು ಹೇಗೆ ಕಟ್ಟಬೇಕು ಅನ್ನುವುದರ ಬಗ್ಗೆಯೇ ಇದೆ. ಸ್ಕೀಮ್‌ಗಳ ವಿಷಯ ಮೊದಲು ಮುಗಿಸಿಬಿಡೋಣ.

ಯಾವ ಬಾಗಿಲು ಮೊದಲು

ಇಲ್ಲಿ ಮುಖ್ಯವಾದದ್ದು ಸ್ಕೀಮ್‌ಗಳ ಪಟ್ಟಿ ಅಲ್ಲ, ಅವನ್ನು ತಟ್ಟುವ ಕ್ರಮ. ಒಂದರ ದುಡ್ಡು ಮೊದಲು ತಗೊಂಡರೆ ಇನ್ನೊಂದರ ಬಾಗಿಲು ಮುಚ್ಚಿಹೋಗುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.

ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಸ್ಕೀಮ್ ಅನ್ನು ನಡುವೆ ಇಟ್ಟುಕೊಂಡು ಉಳಿದದ್ದನ್ನು ಯೋಚಿಸಿ. 2021ರ ಏಪ್ರಿಲ್ 1ರಂದು ಶುರುವಾದ ಕೇಂದ್ರದ ಯೋಜನೆ ಇದು, ನಾಲ್ಕು ವರ್ಷಕ್ಕೆ 945 ಕೋಟಿ ರೂಪಾಯಿ ಇಟ್ಟಿದ್ದರು. ಸರ್ಕಾರ ನಿಮಗೆ ನೇರ ಕೊಡಲ್ಲ, ಹೊಸ ಕಂಪನಿಗಳನ್ನು ಬೆಳೆಸುವ ಸಂಸ್ಥೆಗಳಾದ ಇನ್ಕ್ಯುಬೇಟರ್‌ಗಳಿಗೆ ಕೊಡುತ್ತದೆ. ಅವರು ನಿಮ್ಮನ್ನು ಆರಿಸಿ ಕೊಡುತ್ತಾರೆ. ಪ್ರೂಫ್ ಆಫ್ ಕಾನ್ಸೆಪ್ಟ್ (ಯೋಚನೆ ಕೆಲಸ ಮಾಡುತ್ತದೆ ಅಂತ ತೋರಿಸುವುದು), ಪ್ರೊಟೊಟೈಪ್ (ಮೊದಲ ಮಾದರಿ), ಪ್ರಾಡಕ್ಟ್ ಟ್ರಯಲ್ ಈ ಮೂರಕ್ಕೆ 20 ಲಕ್ಷದವರೆಗೆ ಗ್ರಾಂಟ್, ಕಂತುಗಳಲ್ಲಿ. ಮಾರುಕಟ್ಟೆಗೆ ಇಳಿಯಲು 50 ಲಕ್ಷದವರೆಗೆ ಇನ್ನೊಂದಿದೆ, ಆದರೆ ಅದು ಸಾಲ ಅಥವಾ ಕನ್ವರ್ಟಿಬಲ್ ಡಿಬೆಂಚರ್ (ಮುಂದೆ ಕಂಪನಿಯ ಪಾಲಾಗಿ ಬದಲಾಗಬಹುದಾದ ಸಾಲಪತ್ರ) ರೂಪದ್ದು. ಗ್ರಾಂಟ್ ಅಂದುಕೊಂಡು ಅದಕ್ಕೆ ಸಹಿ ಹಾಕಬೇಡಿ. ನಾಲ್ಕು ವರ್ಷ ಅನ್ನುವುದು ಆಗ ಹಾಕಿದ ಅವಧಿ. ಆದ್ದರಿಂದ ಬರೆಯಲು ಕೂರುವ ಮುಂಚೆ ಪೋರ್ಟಲ್ ನೋಡಿ, ಇನ್ಕ್ಯುಬೇಟರ್‌ಗೇ ಫೋನ್ ಮಾಡಿ, "ಈಗ ಅರ್ಜಿ ತಗೋತಿದ್ದೀರಾ, ಗ್ರಾಂಟ್ ದುಡ್ಡು ಉಳಿದಿದೆಯಾ" ಅಂತ ನೇರ ಕೇಳಿ. ಒಂದು ಫೋನಿನಿಂದ ವಾರಗಟ್ಟಲೆ ಕೆಲಸ ಉಳಿಯುತ್ತದೆ.

ಷರತ್ತುಗಳನ್ನು ಗಮನವಿಟ್ಟು ಓದಿ. ಕೇಂದ್ರದ ಕೈಗಾರಿಕಾ ಉತ್ತೇಜನ ಇಲಾಖೆಯಾದ ಡಿಪಿಐಐಟಿಯ ಸ್ಟಾರ್ಟಪ್ ಮಾನ್ಯತೆ ಬೇಕು, ಅದಕ್ಕೆ ಶುಲ್ಕ ಇಲ್ಲ. ಭಾರತೀಯ ಪ್ರವರ್ತಕರ ಪಾಲು ಕನಿಷ್ಠ 51% ಇರಬೇಕು. ಅರ್ಜಿ ಹಾಕುವ ದಿನಕ್ಕೆ ಕಂಪನಿ ನೋಂದಣಿಯಾಗಿ ಎರಡು ವರ್ಷ ದಾಟಿರಬಾರದು. ಮತ್ತೆ ಕೇಂದ್ರ ಅಥವಾ ರಾಜ್ಯದ ಬೇರೆ ಯಾವುದೇ ಸ್ಕೀಮ್‌ನಿಂದ 10 ಲಕ್ಷಕ್ಕಿಂತ ಜಾಸ್ತಿ ಹಣ ತಗೊಂಡಿರಬಾರದು. ಸ್ಪರ್ಧೆಯಲ್ಲಿ ಗೆದ್ದ ಬಹುಮಾನ, ಕಡಿಮೆ ಬಾಡಿಗೆಯ ಜಾಗ, ಲ್ಯಾಬ್ ಬಳಕೆ ಇವನ್ನು ಆ 10 ಲಕ್ಷಕ್ಕೆ ಸೇರಿಸುವುದಿಲ್ಲ.

ಆ ಕೊನೆಯ ಎರಡು ಷರತ್ತೇ ಕ್ರಮವನ್ನು ನಿರ್ಧರಿಸುವುದು. ಕರ್ನಾಟಕ ಸರ್ಕಾರದ ಎಲಿವೇಟ್ ಸ್ಕೀಮ್ ಇದೆಯಲ್ಲ, 2017ರಲ್ಲಿ ಶುರುವಾದದ್ದು, ಐಟಿ-ಬಿಟಿ ಇಲಾಖೆ ನಡೆಸುವುದು, ಅದರಲ್ಲಿ 50 ಲಕ್ಷದವರೆಗೆ ಗ್ರಾಂಟ್ ಸಿಗುತ್ತದೆ. ಅದರಲ್ಲಿ 25 ಲಕ್ಷ ಮಂಜೂರಾಗಿ ಕೈಗೆ ಬಂತು ಅಂದರೆ ಸೀಡ್ ಫಂಡ್ ನಿಮ್ಮ ಪಾಲಿಗೆ ಮುಗಿಯಿತು. ಅದಕ್ಕೇ ಸೀಡ್ ಫಂಡ್ ಮೊದಲು, ಎಲಿವೇಟ್ ಆಮೇಲೆ. ಮೊದಲೇ ಪಡೆದ ಹಣವನ್ನು ಎಲಿವೇಟ್ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ.

ಎರಡು ವರ್ಷದ ಲೆಕ್ಕ ಕಂಪನಿ ನೋಂದಣಿಯ ತಾರೀಕಿನಿಂದ ಶುರು, ಡಿಪಿಐಐಟಿ ಮಾನ್ಯತೆ ಸಿಕ್ಕ ದಿನದಿಂದ ಅಲ್ಲ. ಹಾಗಾಗಿ ಇನ್ನೂ ಬ್ರೆಡ್‌ಬೋರ್ಡ್ ಮೇಲೆ ವೈರ್ ಚುಚ್ಚುತ್ತಿರುವಾಗಲೇ ಸುಮ್ನೆ ಪ್ರೈವೇಟ್ ಲಿಮಿಟೆಡ್ ಮಾಡಿಸಬೇಡಿ. ಗಡಿಯಾರ ಓಡಲು ಶುರುವಾಗುತ್ತದೆ, ಜೊತೆಗೆ ವರ್ಷಾವರ್ಷ ಆಡಿಟ್ ಖರ್ಚು ಬೇರೆ. ಆ ಹಂತದಲ್ಲಿ ನಿಧಿ ಪ್ರಯಾಸ್ ನೋಡಿ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯದ್ದು, ಕಂಪನಿ ಇಲ್ಲದ ವ್ಯಕ್ತಿಯೂ ಅರ್ಜಿ ಹಾಕಬಹುದು, ಪ್ರೊಟೊಟೈಪ್ ಮಾಡಲು 10 ಲಕ್ಷದವರೆಗೆ. ಕೈಯಲ್ಲಿ ಹಿಡಿಯಬಹುದಾದ ವಸ್ತು ಮಾಡುವವರಿಗೆ ಇದು, ಬರೀ ಆಪ್ ಮಾಡುವವರಿಗಲ್ಲ. 10 ಲಕ್ಷದ ಒಳಗೇ ಇರುವುದರಿಂದ ಮುಂದಿನ ಬಾಗಿಲಿಗೆ ತೊಂದರೆ ಆಗಲ್ಲ.

ಬಯೋಟೆಕ್, ಆರೋಗ್ಯ, ಕೃಷಿ ಜೈವಿಕ ಕ್ಷೇತ್ರದವರಾದರೆ ಲೆಕ್ಕ ಬೇರೆ. ಕೇಂದ್ರ ಸರ್ಕಾರದ ಬಯೋಟೆಕ್ ನೆರವು ಸಂಸ್ಥೆ ಬೈರಾಕ್‌ನ ಬಿಗ್ ಗ್ರಾಂಟ್ 18 ತಿಂಗಳಿಗೆ 50 ಲಕ್ಷದವರೆಗೆ ಇರುತ್ತದೆ. ವರ್ಷಕ್ಕೆ ಎರಡು ಸಲ, ಜನವರಿ 1 ಮತ್ತು ಜುಲೈ 1ಕ್ಕೆ ಅರ್ಜಿ ತೆರೆಯುವುದು ರೂಢಿ. ಬೆಂಗಳೂರಿನಲ್ಲಿ ಜಿಕೆವಿಕೆ ಆವರಣದ ಸಿ-ಕ್ಯಾಂಪ್ ಇದರ ಪಾಲುದಾರ ಸಂಸ್ಥೆ. ಸೈನ್ಯಕ್ಕೆ ಬೇಕಾದದ್ದು ಮಾಡುವವರಿಗೆ 2018ರಿಂದ ರಕ್ಷಣಾ ಸಚಿವಾಲಯದ ಐಡೆಕ್ಸ್ ಇದೆ. ಅಲ್ಲಿ ಸೇನೆಯೇ ಸಮಸ್ಯೆ ಕೊಡುತ್ತದೆ, 1.5 ಕೋಟಿವರೆಗೆ ದುಡ್ಡು ಸಿಗುತ್ತದೆ, ಆದರೆ ನೀವೂ ಅಷ್ಟೇ ಪಾಲು ಹಾಕಬೇಕು.

ಸ್ಯಾಂಡ್‌ಬಾಕ್ಸ್ ಅನ್ನುವ ಮಾತೂ ಕೇಳಿರುತ್ತೀರಿ. ಅದು ದುಡ್ಡಲ್ಲ, ಅನುಮತಿ. ಈಗಿನ ಕಾನೂನಿಗೆ ಹೊಂದದ ಹೊಸ ಸೇವೆಯನ್ನು ಸೀಮಿತ ಅವಧಿಗೆ, ಸೀಮಿತ ಜನರ ನಡುವೆ ಮಾಡಿ ನೋಡಲು ಬಿಡುವುದು. ಹಣಕಾಸು ಸೇವೆಗಳಿಗೆ ರಿಸರ್ವ್ ಬ್ಯಾಂಕ್ 2019ರಲ್ಲಿ ಇದರ ಚೌಕಟ್ಟು ತಂದಿತು. ಇಂಟರ್ನೆಟ್ ಇಲ್ಲದೆ ಸಣ್ಣ ಮೊತ್ತ ಕಳಿಸುವ ಪ್ರಯೋಗಗಳು ಮೊದಲು ನಡೆದು, ಆಮೇಲೆ 2022ರ ಜನವರಿಯಲ್ಲಿ ಅದಕ್ಕೆ ನಿಯಮ ಬಂತು. ಕರ್ನಾಟಕದಲ್ಲಿ ಇದಕ್ಕೇ 2020ರ ಇನ್ನೋವೇಷನ್ ಅಥಾರಿಟಿ ಕಾಯ್ದೆ ಇದೆ. ನಿಮ್ಮ ತೊಂದರೆ ದುಡ್ಡಿನದೋ ಕಾನೂನಿನದೋ ಅಂತ ಮೊದಲು ತೀರ್ಮಾನ ಮಾಡಿ. ಎರಡೂ ಆಗಿದ್ದರೆ ಎರಡು ಕಡೆ ಹೋಗಬೇಕು.

ಇನ್ನು ಇನ್ಕ್ಯುಬೇಟರ್ ಆರಿಸುವುದು. ಸೀಡ್ ಫಂಡ್ ಅರ್ಜಿಯಲ್ಲಿ ಒಟ್ಟಿಗೆ ಮೂರರವರೆಗೆ ಹೆಸರು ಕೊಡಬಹುದು, ಆದ್ಯತೆಯ ಕ್ರಮದಲ್ಲಿ. ದೊಡ್ಡ ಹೆಸರು ನೋಡಿ ಹಾಕಬೇಡಿ. ಬೆಂಗಳೂರಿನ ಐಐಎಂ ಒಳಗಿನ ಎನ್‌ಎಸ್‌ಆರ್‌ಸಿಇಎಲ್, ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್, ಮೈಸೂರಿನ ಎಸ್‌ಜೆಸಿಇ ಸ್ಟೆಪ್, ನಿಟ್ಟೆಯ ಅಟಲ್ ಇನ್ಕ್ಯುಬೇಷನ್ ಸೆಂಟರ್ ಹೀಗೆ ನಮ್ಮಲ್ಲಿ ಬೇಕಾದಷ್ಟಿವೆ. ಒಬ್ಬೊಬ್ಬರ ಬಲ ಒಂದೊಂದು. ನಿಮ್ಮ ಪ್ರಯೋಗ ನಡೆಯುವ ಊರಿಗೆ ಯಾರು ಹತ್ತಿರ, ನಿಮ್ಮ ಕ್ಷೇತ್ರದ ಕಂಪನಿಗಳನ್ನು ಯಾರು ಮೊದಲೇ ಬೆಳೆಸಿದ್ದಾರೆ, ಕಂತು ಬಿಡುಗಡೆ ಮಾಡಲು ಎಷ್ಟು ದಿನ ಎಳೆಯುತ್ತಾರೆ ಇದನ್ನೆಲ್ಲ ಅಲ್ಲಿಂದ ದುಡ್ಡು ಪಡೆದ ಹಳಬರನ್ನು ಕೇಳಿ. ಅವರು ಸತ್ಯ ಹೇಳ್ತಾರೆ, ಅವರಿಗೇನೂ ನಷ್ಟ ಇಲ್ಲವಲ್ಲ.

ಮಧ್ಯವರ್ತಿಗಳ ಬಗ್ಗೆ ಒಂದು ಮಾತು. "ನಿಮ್ಮ ಗ್ರಾಂಟ್ ಮಾಡಿಸಿಕೊಡ್ತೀವಿ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್" ಅಂತ ಫೋನ್ ಬರುತ್ತವೆ. ಸೀಡ್ ಫಂಡ್‌ನಲ್ಲಿ ಇನ್ಕ್ಯುಬೇಟರ್ ಕೂಡ ನಿಮ್ಮಿಂದ ಯಾವ ಶುಲ್ಕವನ್ನೂ ತಗೊಳ್ಳುವ ಹಾಗಿಲ್ಲ. ಫೋನ್ ಇಟ್ಟುಬಿಡಿ.

ಪ್ರಯೋಗ ಕಟ್ಟುವುದು

ಒಂದು ಉದಾಹರಣೆ ಕಟ್ಟಿಕೊಳ್ಳೋಣ, ಇಲ್ಲದಿದ್ದರೆ ಎಲ್ಲ ಗಾಳಿಮಾತಾಗುತ್ತದೆ. ಶಿಡ್ಲಘಟ್ಟದ ಕಡೆ ರೇಷ್ಮೆ ರೀಲಿಂಗ್ ಘಟಕಗಳಿವೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ಬಿಚ್ಚುತ್ತಾರೆ. ಜಾಸ್ತಿ ಬೆಂದರೆ ಎಳೆ ಕಿತ್ತುಬಂದು ವೇಸ್ಟ್ ಹೆಚ್ಚುತ್ತದೆ, ಕಡಿಮೆ ಬೆಂದರೆ ಎಳೆ ಪದೇಪದೇ ತುಂಡಾಗುತ್ತದೆ. ನೀರು ಎಷ್ಟು ಕಾಯ್ದಿದೆ ಅನ್ನುವುದು ಬೇಸಿನ್ (ಗೂಡು ಬಿಚ್ಚುವ ಬಿಸಿನೀರಿನ ತೊಟ್ಟಿ) ಮುಂದೆ ಕೂತವರ ಕಣ್ಣಂದಾಜು. ನೀವು ಆ ನೀರಿನ ಬಿಸಿಯನ್ನು ಒಂದು ಮಿತಿಯಲ್ಲೇ ಹಿಡಿದಿಡುವ ಸೆನ್ಸರ್ ಮತ್ತು ಕಂಟ್ರೋಲರ್ ಮಾಡಿದ್ದೀರಿ ಅಂತಿಟ್ಟುಕೊಳ್ಳಿ.

ಅರ್ಜಿಯಲ್ಲಿ ಜನ ಏನು ಬರೆಯುತ್ತಾರೆ? "ಐಒಟಿ ಆಧಾರಿತ ಸ್ಮಾರ್ಟ್ ರೀಲಿಂಗ್ ಪರಿಹಾರವನ್ನು 10 ಘಟಕಗಳಲ್ಲಿ ಪೈಲಟ್ ಮಾಡಲಾಗುವುದು." ಇದರಿಂದ ಓದಿದವರಿಗೆ ಏನೂ ಗೊತ್ತಾಗಲ್ಲ. ಪ್ರಯೋಗಕ್ಕೆ ಒಂದು ಪ್ರಶ್ನೆ ಬೇಕು, ಉತ್ತರ ಅಂಕಿಯಲ್ಲಿ ಬರುವಂಥ ಪ್ರಶ್ನೆ. ರೀಲರ್‌ಗಳ ಬಾಯಲ್ಲೇ ಆ ಅಂಕಿ ಇದೆ: ರೆಂಡಿಟಾ. ಒಂದು ಕೆಜಿ ರೇಷ್ಮೆ ನೂಲಿಗೆ ಎಷ್ಟು ಕೆಜಿ ಗೂಡು ಬೇಕಾಯಿತು ಅನ್ನುವ ಲೆಕ್ಕ. ಕಡಿಮೆ ಆದಷ್ಟೂ ಲಾಭ. ನಿಮ್ಮ ಪ್ರಶ್ನೆ ಇಷ್ಟೇ: ಈ ಕಂಟ್ರೋಲರ್ ಹಾಕಿದರೆ ರೆಂಡಿಟಾ 7.5ರಿಂದ 7.2ಕ್ಕೆ ಇಳಿಯುತ್ತದಾ?

ಇದರ ಬೆಲೆ ಎಷ್ಟು ಅಂತ ಅರ್ಜಿಯಲ್ಲೇ ತೋರಿಸಿ. ದಿನಕ್ಕೆ 30 ಕೆಜಿ ಗೂಡು ಬಿಚ್ಚುವ ಘಟಕದಲ್ಲಿ 7.5 ಆದರೆ 4 ಕೆಜಿ ನೂಲು, 7.2 ಆದರೆ 4 ಕೆಜಿ 167 ಗ್ರಾಂ. ತಿಂಗಳಿಗೆ 25 ದಿನ ಕೆಲಸ ಅಂದರೆ ಹೆಚ್ಚುವರಿ ನೂಲು 4 ಕೆಜಿ ದಾಟುತ್ತದೆ. ಅವತ್ತಿನ ಮಾರುಕಟ್ಟೆ ದರದಿಂದ ಗುಣಿಸಿ, ನಿಮ್ಮ ಯಂತ್ರದ ಬೆಲೆ ಪಕ್ಕದಲ್ಲಿ ಬರೆಯಿರಿ. ಸಾವಿರ ಕೋಟಿಯ ಚಾರ್ಟಿಗಿಂತ ಈ ಮೂರು ಸಾಲು ಜಾಸ್ತಿ ಕೆಲಸ ಮಾಡುತ್ತವೆ.

ಈಗ ಕಷ್ಟದ ಭಾಗ. 7.5ಕ್ಕೂ 7.2ಕ್ಕೂ ಇರುವ ವ್ಯತ್ಯಾಸ 4%. ಒಂದು ಲಾಟ್ ಗೂಡಿಗೂ ಇನ್ನೊಂದು ಲಾಟಿಗೂ ಇರುವ ವ್ಯತ್ಯಾಸವೇ ಅದಕ್ಕಿಂತ ದೊಡ್ಡದು. ದ್ವಿತಳಿ ಗೂಡು ಬೇರೆ, ಮಿಶ್ರತಳಿ ಬೇರೆ. ಮಳೆಗಾಲದಲ್ಲಿ ಚಂದ್ರಿಕೆಯಲ್ಲಿ (ಹುಳು ಗೂಡು ಕಟ್ಟುವ ತಟ್ಟೆ) ತೇವ ತಾಗಿದ ಗೂಡು ಸರಿಯಾಗಿ ಬಿಚ್ಚಿಕೊಳ್ಳಲ್ಲ. "ಮೇ ತಿಂಗಳಲ್ಲಿ ಯಂತ್ರ ಇಲ್ಲದೆ ಇಷ್ಟು, ಆಗಸ್ಟ್‌ನಲ್ಲಿ ಯಂತ್ರ ಹಾಕಿದ ಮೇಲೆ ಇಷ್ಟು" ಅಂತ ಹೋಲಿಸಿದರೆ ನೀವು ಅಳೆದದ್ದು ಮಳೆಯನ್ನು, ಯಂತ್ರವನ್ನಲ್ಲ. ಮೊದಲು-ಆಮೇಲೆ ಹೋಲಿಕೆ ಎಲ್ಲರಿಗೂ ಸುಲಭವಾಗಿ ಹೊಳೆಯುತ್ತದೆ, ಸಮಿತಿಯಲ್ಲಿ ಕೂತ ಪ್ರೊಫೆಸರ್ ಮೊದಲು ಚುಚ್ಚುವುದೂ ಅಲ್ಲೇ.

ಪರಿಹಾರ ಸರಳ. ಒಂದೇ ಲಾಟನ್ನು ಚೆನ್ನಾಗಿ ಕಲಸಿ ಅರ್ಧರ್ಧ ಮಾಡಿ. 15 ಕೆಜಿ ಕಂಟ್ರೋಲರ್ ಇರುವ ಬೇಸಿನ್‌ಗೆ, 15 ಕೆಜಿ ಮಾಮೂಲಿ ಬೇಸಿನ್‌ಗೆ, ಅದೇ ದಿನ, ಅದೇ ಹೊತ್ತಿಗೆ. ಆದರೆ ಒಂದು ಬೇಸಿನ್ ಮುಂದೆ ಕೂತ ಹೆಣ್ಣುಮಗಳ ಕೈ ಇನ್ನೊಬ್ಬರಿಗಿಂತ ಪಳಗಿದ್ದರೆ? ಅದಕ್ಕೆ ದಿನಾ ಬೆಳಿಗ್ಗೆ ನಾಣ್ಯ ಚಿಮ್ಮಿ ಯಾರು ಯಾವ ಬೇಸಿನ್ ಅಂತ ತೀರ್ಮಾನ ಮಾಡಿ. ತೂಕದಲ್ಲೂ ಎಚ್ಚರ ಬೇಕು. ಅರ್ಧರ್ಧ ಹೋಲಿಕೆಯಲ್ಲಿ ನಿಮಗೆ ಕಾಣಬೇಕಾದ ವ್ಯತ್ಯಾಸ ದಿನಕ್ಕೆ ಬರೀ 83 ಗ್ರಾಂ. ರೇಷ್ಮೆ ಗಾಳಿಯ ತೇವ ಹೀರುತ್ತದೆ, ವ್ಯಾಪಾರದಲ್ಲೇ ಅದಕ್ಕೆ 11% ತೇವಾಂಶದ ಲೆಕ್ಕ ಇಟ್ಟಿದ್ದಾರೆ. ಒಂದು ಕಡೆಯ ನೂಲನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ ಮಳೆ ಬಂದ ಮೇಲೆ ತೂಗಿ 2% ಹೆಚ್ಚುಕಡಿಮೆ ಆಯಿತು ಅಂದರೆ 40 ಗ್ರಾಂ ಅಲ್ಲೇ ಹೋಯಿತು, ನಿಮ್ಮ ಲಾಭದ ಅರ್ಧ. ಎರಡನ್ನೂ ಒಟ್ಟಿಗೆ ಒಣಗಿಸಿ, ಒಟ್ಟಿಗೆ, ಒಂದೇ ತಕ್ಕಡಿಯಲ್ಲಿ ತೂಗಿ. ಕೆಲವು ಮಾದರಿಗಳನ್ನು ಬೆಂಗಳೂರಿನ ಕೇಂದ್ರೀಯ ರೇಷ್ಮೆ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಲು ದುಡ್ಡು ಇಟ್ಟುಕೊಳ್ಳಿ. ನಿಮ್ಮ ಅಂಕಿಯನ್ನು ನೀವೇ ಹೇಳುವುದಕ್ಕೂ ಮೂರನೆಯವರು ಹೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಇಷ್ಟು ಬರೆದಿರಿ ಅಂದರೆ ಅರ್ಜಿ ಮುಕ್ಕಾಲು ಮುಗಿಯಿತು. ನಿಮ್ಮದು ರೇಷ್ಮೆ ಅಲ್ಲದೆ ಕಿರಾಣಿ ಅಂಗಡಿಯ ಸ್ಟಾಕ್ ಲೆಕ್ಕದ ಸಾಫ್ಟ್‌ವೇರ್ ಆದರೂ ಇದೇ ದಾರಿ. ಒಂದು ಅಂಕಿ, ಅದನ್ನು ಕೆಡಿಸುವ ಕಾರಣಗಳು, ಪ್ರತಿ ಕಾರಣಕ್ಕೂ ಒಂದು ಉಪಾಯ. ಅಂಗಡಿಯಲ್ಲಿ ಮಳೆಯ ಬದಲು ಹಬ್ಬ ಇರುತ್ತದೆ, ಅಷ್ಟೇ. ದೀಪಾವಳಿ ತಿಂಗಳ ವ್ಯಾಪಾರ ತೋರಿಸಿ "ನಮ್ಮ ಸಾಫ್ಟ್‌ವೇರ್‌ನಿಂದ ಮಾರಾಟ ಏರಿತು" ಅಂದರೆ ಯಾರೂ ನಂಬಲ್ಲ ಅಲ್ವಾ.

ಸೋಲುವ ಅಂಕಿಯನ್ನೂ ಮೊದಲೇ ಬರೆಯಿರಿ. "7.4ಕ್ಕಿಂತ ಕೆಳಗೆ ಇಳಿಯದಿದ್ದರೆ ಈ ವಿನ್ಯಾಸ ಕೈಬಿಟ್ಟು ಬರೀ ಇಂಧನ ಉಳಿತಾಯದ ಕಡೆ ನೋಡುತ್ತೇವೆ" ಅನ್ನುವ ಹಾಗೆ. ಇದನ್ನು ಬರೆಯಲು ಎಲ್ಲರಿಗೂ ಹೆದರಿಕೆ. ನನ್ನ ಅಭಿಪ್ರಾಯದಲ್ಲಿ ಅರ್ಜಿಯ ಮೇಲೆ ನಂಬಿಕೆ ಹುಟ್ಟಿಸುವುದು ಈ ಸಾಲೇ.

ಜಾಗ ಕೊಡುವವರ ಒಪ್ಪಿಗೆ ಪತ್ರ

ಮಾತಿನಲ್ಲಿ "ಆಯ್ತು ಬನ್ನಿ, ಹಾಕ್ಕೊಳ್ಳಿ" ಅಂದದ್ದು ಸಾಲುವುದಿಲ್ಲ. ಕಾಗದ ಬೇಕು. ಅದೂ ಕನ್ನಡದಲ್ಲಿ, ಒಂದೇ ಪುಟ, ಅವರು ಕೂತು ಓದಿ ಸಹಿ ಹಾಕುವಂಥದ್ದು. ಲಾಯರ್ ಬರೆದ ಎಂಟು ಪುಟದ ಇಂಗ್ಲಿಷ್ ಒಪ್ಪಂದ ಕೊಟ್ಟರೆ ಒಳ್ಳೆಯವರೂ ಹಿಂದೆ ಸರಿಯುತ್ತಾರೆ.

ಆ ಪುಟದಲ್ಲಿ ಇರಬೇಕಾದದ್ದು: ಯಾವ ಯಂತ್ರ, ಎಷ್ಟು ತಿಂಗಳು, ಕರೆಂಟ್ ಬಿಲ್ ಯಾರದು, ಕೆಟ್ಟರೆ ಎಷ್ಟು ಹೊತ್ತಿನಲ್ಲಿ ನೀವು ಬರುತ್ತೀರಿ, ನಿಮ್ಮ ಯಂತ್ರದಿಂದ ಒಂದು ಲಾಟ್ ಹಾಳಾದರೆ ಎಷ್ಟು ಕೊಡುತ್ತೀರಿ, ತೂಕದ ಅಂಕಿಗಳನ್ನು ಯಾರಿಗೆ ತೋರಿಸುತ್ತೀರಿ, ಅವರಿಗೆ ಬೇಡ ಅನ್ನಿಸಿದ ದಿನ ಹೇಗೆ ಬಿಚ್ಚಿಕೊಂಡು ಹೋಗುತ್ತೀರಿ. ಹಾಳಾದ ಲಾಟಿನ ವಿಷಯವನ್ನು ತಾವಾಗಿಯೇ ಎತ್ತುವವರು ಕಡಿಮೆ. ನೀವೇ ಎತ್ತಿ. ಬೆಳಿಗ್ಗೆ ಹರಾಜಿನಲ್ಲಿ ಕೈಯಿಂದ ದುಡ್ಡು ಹಾಕಿ ಗೂಡು ತಂದವರಿಗೆ ನಿಮ್ಮ ಪ್ರಯೋಗ ಆಟದ ವಸ್ತುವಲ್ಲ. ಅಂಕಿಗಳ ಗುಟ್ಟೂ ಅಷ್ಟೇ ಮುಖ್ಯ. ತನ್ನ ರೆಂಡಿಟಾ ಪಕ್ಕದ ಘಟಕದವನಿಗೆ ಗೊತ್ತಾಗುವುದು ಯಾವ ರೀಲರ್‌ಗೂ ಇಷ್ಟ ಇರಲ್ಲ. ಹೆಸರಿನ ಬದಲು ಘಟಕ 1, ಘಟಕ 2 ಅಂತ ವರದಿಯಲ್ಲಿ ಬರೆಯುತ್ತೇವೆ ಅಂತ ಹಾಕಿ.

ಹೆಚ್ಚಿನವರ ಹತ್ತಿರ ಲೆಟರ್‌ಹೆಡ್ ಇರುವುದಿಲ್ಲ. ಪರವಾಗಿಲ್ಲ, ರೇಷ್ಮೆ ಇಲಾಖೆ ಕೊಟ್ಟ ರೀಲಿಂಗ್ ಲೈಸೆನ್ಸ್ ನಂಬರ್ ಬರೆಸಿಕೊಳ್ಳಿ. ಬೇರೆ ವ್ಯಾಪಾರದಲ್ಲಿ ಜಿಎಸ್‌ಟಿ ಅಥವಾ ಉದ್ಯಮ್ ನಂಬರ್, ರೈತರಾದರೆ ಸರ್ವೆ ನಂಬರ್. ಜಾಗ ನಿಜವಾಗಿ ಇದೆ ಅಂತ ತೋರಿಸಲು ಅಷ್ಟು ಸಾಕು. ಹತ್ತು ಕಡೆ ಮಾಡುವ ಯೋಜನೆ ಇದ್ದರೆ ಹದಿಮೂರು ಸಹಿ ಇಟ್ಟುಕೊಳ್ಳಿ. ನಡುವೆ ಬಿಟ್ಟುಹೋಗುವವರು ಇದ್ದೇ ಇರುತ್ತಾರೆ.

ಬಜೆಟ್, ಕಂತು

ಮಿತಿ 20 ಲಕ್ಷ ಅಂತ 20 ಲಕ್ಷವೇ ಕೇಳಬೇಡಿ. ನಮ್ಮ ಉದಾಹರಣೆಯಲ್ಲೇ ಲೆಕ್ಕ ಹಾಕೋಣ, ದರಗಳು ಅಂದಾಜಿನವು. ಹತ್ತು ಕಂಟ್ರೋಲರ್, ಒಂದಕ್ಕೆ 45,000 ಅಂದರೆ 4.5 ಲಕ್ಷ. ರಿಪೇರಿ, ಬಿಡಿಭಾಗಕ್ಕೆ 60,000. ಅಲ್ಲೇ ಊರಿನ ಇಬ್ಬರು ಹುಡುಗರು ಅಥವಾ ಹುಡುಗಿಯರು, ತಿಂಗಳಿಗೆ 22,000ದಂತೆ ಎಂಟು ತಿಂಗಳು, 3.52 ಲಕ್ಷ. ತಕ್ಕಡಿ, ಪರೀಕ್ಷಾ ಶುಲ್ಕ 80,000. ಓಡಾಟ 1.2 ಲಕ್ಷ. ಲಾಟ್ ಹಾಳಾದರೆ ಕೊಡಲು 1 ಲಕ್ಷ. ಒಟ್ಟು 11.62 ಲಕ್ಷ. ಇಷ್ಟೇ ಕೇಳಿ. ಪ್ರತಿ ಸಾಲಿಗೂ ಕೊಟೇಷನ್ ಇಟ್ಟರೆ ಯಾರೂ ಕೈ ಹಾಕಿ ಕಡಿಮೆ ಮಾಡಲ್ಲ. ಆ ಕೊನೆಯ ಪರಿಹಾರದ ಬಾಬ್ತು ಗ್ರಾಂಟ್‌ನಲ್ಲಿ ಒಪ್ಪುತ್ತಾರಾ ಅಂತ ಇನ್ಕ್ಯುಬೇಟರ್‌ನಲ್ಲಿ ಮೊದಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ಅದನ್ನು ನಿಮ್ಮ ಪಾಲು ಅಂತ ತೋರಿಸಿ. ಕಟ್ಟಡ, ಆಫೀಸ್ ಸಜ್ಜು ಮಾಡುವುದಕ್ಕೆ ಸೀಡ್ ಫಂಡ್ ದುಡ್ಡು ಬಳಸುವಂತಿಲ್ಲ.

ಜನ ಮರೆಯುವ ಬಾಬ್ತು ಅಂದರೆ ಫೀಲ್ಡ್ ಸಿಬ್ಬಂದಿ. ಬೆಂಗಳೂರಿನಿಂದ ಇಂಜಿನಿಯರ್ ವಾರಕ್ಕೊಮ್ಮೆ ಹೋಗಿ ಬರುತ್ತಾನೆ ಅಂತ ಬರೆಯುತ್ತಾರೆ. ಅವನು ಇಲ್ಲದ ಆರು ದಿನ ತೂಕ ಬರೆದುಕೊಳ್ಳುವವರು ಯಾರು? ಘಟಕದ ಮಾಲೀಕರೇ ಬರೆದಿಡುತ್ತಾರೆ ಅಂತ ನಂಬಿದರೆ ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ಒಂದೇ ಸಲ ತುಂಬಿದ ಪುಸ್ತಕ ಸಿಗುತ್ತದೆ.

ಕಂತು ಬಿಡುಗಡೆಯಾಗುವುದು ಮೈಲಿಗಲ್ಲು ಮುಟ್ಟಿದಾಗ. ಆ ಮೈಲಿಗಲ್ಲನ್ನು ಬರೆಯುವುದು ನೀವೇ, ಆದ್ದರಿಂದ ನಿಮ್ಮ ಕೈಯಲ್ಲಿ ಇರುವುದನ್ನೇ ಬರೆಯಿರಿ. "ರೆಂಡಿಟಾ 4% ಇಳಿಯುವುದು" ಅಂತ ಬರೆದರೆ ಪ್ರಯೋಗದ ಫಲಿತಾಂಶಕ್ಕೆ ನಿಮ್ಮ ಎರಡನೇ ಕಂತನ್ನು ಗಂಟುಹಾಕಿದ ಹಾಗೆ. ಅದು ಇಳಿಯುತ್ತದಾ ಅಂತ ನೋಡಲಿಕ್ಕೇ ತಾನೇ ಪ್ರಯೋಗ? "ಆರು ಘಟಕಗಳಲ್ಲಿ ಅಳವಡಿಕೆ, 100 ಅರ್ಧರ್ಧ ಲಾಟ್‌ಗಳ ಅಳತೆ, ಮಧ್ಯಂತರ ವರದಿ" ಅಂತ ಬರೆಯಿರಿ. ತಾರೀಕು ಹಾಕುವಾಗ ಕ್ಯಾಲೆಂಡರ್ ನೋಡಿ. ಮಳೆಗಾಲದ ಗೂಡು, ಬೇಸಿಗೆಯ ಗೂಡು ಎರಡೂ ಸಿಗುವ ಹಾಗೆ ಎಂಟು ತಿಂಗಳನ್ನು ಕೂರಿಸಿ. ಅಡಿಕೆ, ರಾಗಿ, ಮೀನು ಯಾವುದೇ ಇರಲಿ, ಹಂಗಾಮು ತಪ್ಪಿದರೆ ಒಂದು ವರ್ಷ ಹೋಯಿತು.

ಇನ್ನೊಂದು. ಸೀಡ್ ಫಂಡ್ ನಿಯಮದ ಪ್ರಕಾರ ಅರ್ಜಿ ಬಂದ 45 ದಿನದಲ್ಲಿ ಆಯ್ಕೆ ಮುಗಿಯಬೇಕು. ನೀವು ಅದನ್ನು ನಂಬಿ ಮನೆ ಬಾಡಿಗೆ ಲೆಕ್ಕ ಹಾಕಬೇಡಿ. ಆರು ತಿಂಗಳ ಖರ್ಚು ಬೇರೆ ಕಡೆಯಿಂದ ಇಟ್ಟುಕೊಂಡೇ ಇಳಿಯಿರಿ. ಗ್ರಾಂಟ್ ಬಂದೇ ಬರುತ್ತದೆ ಅಂತ ಕೆಲಸ ಬಿಡುವುದು ಜಾಣತನ ಅಲ್ಲ.

ಬೇರೆ ಅನುಮತಿಗಳು

ಇದನ್ನು ಬೇಗ ಮುಗಿಸುತ್ತೇನೆ, ಕ್ಷೇತ್ರಕ್ಕೊಂದು ಕಾನೂನು. ಡ್ರೋನ್ ಆದರೆ 2021ರ ಡ್ರೋನ್ ನಿಯಮಗಳು. ಮನುಷ್ಯರ ಮೇಲೆ ವೈದ್ಯಕೀಯ ಪ್ರಯೋಗ ಆದರೆ ಎಥಿಕ್ಸ್ ಕಮಿಟಿ ಒಪ್ಪಿಗೆ, ಅದಿಲ್ಲದೆ ಒಂದು ಹೆಜ್ಜೆಯೂ ಇಡಬೇಡಿ. ತಿನ್ನುವ ವಸ್ತುವಾದರೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ. ವೈರ್‌ಲೆಸ್ ಸೆನ್ಸರ್ ಆದರೆ ಲೈಸೆನ್ಸ್ ಬೇಡದ 865 ಮೆಗಾಹರ್ಟ್ಸ್ ಆಸುಪಾಸಿನ ಬ್ಯಾಂಡ್‌ನಲ್ಲಿ ಇದೆಯಾ ನೋಡಿಕೊಳ್ಳಿ, ಅಮೆರಿಕದ 915 ಮೆಗಾಹರ್ಟ್ಸ್ ಮಾಡ್ಯೂಲ್ ಅಗ್ಗಕ್ಕೆ ಸಿಕ್ಕಿತು ಅಂತ ತರಿಸಬೇಡಿ. ಜನರ ಹೆಸರು, ಫೋನ್ ನಂಬರ್, ಮುಖದ ಚಿತ್ರ ತಗೊಳ್ಳುತ್ತಿದ್ದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇದೆ. ಬೇಕಾದ ಅನುಮತಿಗಳನ್ನು ಅರ್ಜಿಯಲ್ಲೇ ಹೆಸರಿಸಿ, ಯಾವುದು ಸಿಕ್ಕಿದೆ, ಯಾವುದು ಬಾಕಿ ಅಂತ ಹೇಳಿ.

ಸಮಿತಿ ಮುಂದೆ

ಸೀಡ್ ಫಂಡ್ ಸಮಿತಿಯಲ್ಲಿ ಉದ್ಯಮದವರು, ಕಾಲೇಜಿನವರು, ಹೂಡಿಕೆದಾರರು, ರಾಜ್ಯದ ಪ್ರತಿನಿಧಿ ಎಲ್ಲರೂ ಇರುತ್ತಾರೆ. ಅಂದರೆ ರೇಷ್ಮೆಯ ಗಂಧಗಾಳಿ ಇಲ್ಲದವರೂ ನಿಮಗೆ ಅಂಕ ಹಾಕುತ್ತಾರೆ. ಮೊದಲ ಸ್ಲೈಡ್‌ನಲ್ಲೇ ರೆಂಡಿಟಾ ಅಂದರೇನು ಅಂತ ಒಂದು ಸಾಲು, ಬೇಸಿನ್‌ನ ಒಂದು ಫೋಟೊ. ಅಂಕ ಹಾಕುವುದು ಇದಕ್ಕೆಲ್ಲ: ಸಮಸ್ಯೆ ನಿಜವಾ, ಕೈಯಲ್ಲಿ ಆಗುತ್ತದಾ, ಪರಿಣಾಮ ಎಷ್ಟು, ಹೊಸತೇನು, ತಂಡ ಹೇಗಿದೆ, ದುಡ್ಡನ್ನು ಹೇಗೆ ಖರ್ಚು ಮಾಡುತ್ತೀರಿ.

ಮೂರು ಪ್ರಶ್ನೆ ಹೆಚ್ಚುಕಡಿಮೆ ಖಾತ್ರಿ. "ಇದು ಈಗಾಗಲೇ ಚೀನಾದಿಂದ ಬರುತ್ತಲ್ಲ?" ಬರುತ್ತದೆ ಅಂತಾದರೆ ಒಪ್ಪಿಕೊಂಡು, ಅದರ ಬೆಲೆ, ಅದು ನಮ್ಮ ಗೂಡಿಗೆ, ನಮ್ಮ ಬೇಸಿನ್‌ಗೆ ಯಾಕೆ ಹೊಂದಲ್ಲ ಅಂತ ಹೇಳಿ. "ಯಾರೂ ಮಾಡಿಲ್ಲ" ಅಂದರೆ ಸಮಿತಿಯವರು ಅಲ್ಲೇ ಮೊಬೈಲ್ ತೆಗೆದು ಹುಡುಕುತ್ತಾರೆ. "ಪ್ರಯೋಗ ಮುಗಿದ ಮೇಲೆ ಯಾರು ಕೊಳ್ಳುತ್ತಾರೆ?" ಒಪ್ಪಿಗೆ ಪತ್ರ ಕೊಟ್ಟವರಲ್ಲಿ ಇಬ್ಬರು "ಫಲಿತಾಂಶ ಇಷ್ಟು ಬಂದರೆ ಇಷ್ಟು ಬೆಲೆಗೆ ತಗೋತೀವಿ" ಅಂತ ಬರೆದುಕೊಟ್ಟಿದ್ದರೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. "ನೀವು ಇದರಲ್ಲಿ ಪೂರ್ತಿ ಇದ್ದೀರಾ, ಕೆಲಸಕ್ಕೂ ಹೋಗ್ತೀರಾ?" ಇದಕ್ಕೆ ಸುತ್ತಿಬಳಸಿ ಉತ್ತರ ಕೊಡಬೇಡಿ. ತಂಡದಲ್ಲಿ ಯಾರು ಪೂರ್ತಿ, ಯಾರು ಅರ್ಧ ಅಂತ ಹೇಳಿಬಿಡಿ.

ಎಲಿವೇಟ್‌ನಲ್ಲಿ ಮಾತಾಡಲು ಸಿಗುವ ಸಮಯ ಕಡಿಮೆ, ಸ್ಪರ್ಧಿಗಳು ಜಾಸ್ತಿ. ಅಲ್ಲಿ ಪ್ರಯೋಗದ ವಿವರಕ್ಕಿಂತ ಫಲಿತಾಂಶ ಮುಂದಿಡಬೇಕು. ಸೀಡ್ ಫಂಡ್ ಮೊದಲು ಅಂದದ್ದಕ್ಕೆ ಇದು ಇನ್ನೊಂದು ಕಾರಣ. ಸಣ್ಣ ಪ್ರಯೋಗದ ಅಂಕಿ ಹಿಡಿದುಕೊಂಡು ದೊಡ್ಡ ದುಡ್ಡು ಕೇಳಲು ಹೋಗಬಹುದು. ಕನ್ನಡದಲ್ಲಿ ಮಾತಾಡಲು ಹಿಂಜರಿಯಬೇಡಿ. ತಡವರಿಸುವ ಇಂಗ್ಲಿಷಿಗಿಂತ ಬೇಸಿನ್ ಮುಂದಿನ ಕನ್ನಡ ಎಷ್ಟೋ ಮೇಲು.

ದುಡ್ಡು ಬಂದ ಮೇಲೆ

ಗ್ರಾಂಟ್‌ಗೆ ಅಂತಲೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ನಿಮ್ಮ ಮಾಮೂಲಿ ಖಾತೆಯಲ್ಲಿ ಬೆರೆಸಿದರೆ ವರ್ಷದ ಕೊನೆಗೆ ಬಿಡಿಸಲು ಸಿಎಗೇ ಆಗಲ್ಲ. ಕೇಂದ್ರದ ಗ್ರಾಂಟ್‌ಗಳಲ್ಲಿ ಖಾತೆಯಲ್ಲಿ ಬಿದ್ದ ಬಡ್ಡಿ ಸಾಮಾನ್ಯವಾಗಿ ನಿಮ್ಮದಲ್ಲ, ಸರ್ಕಾರಕ್ಕೆ ವಾಪಸ್. ಮುಂದಿನ ಕಂತು ಬೇಕು ಅಂದರೆ ಬಳಕೆ ಪ್ರಮಾಣಪತ್ರ ಕೊಡಬೇಕು. ಅದಕ್ಕೆ ಜಿಎಫ್‌ಆರ್ 12-ಎ ಅನ್ನುವ ನಮೂನೆ ಇದೆ, ಅದರ ಪ್ರತಿಯನ್ನು ಮೊದಲ ದಿನವೇ ಕೇಳಿ ತಗೊಳ್ಳಿ, ಯಾಕೆಂದರೆ ಯಾವ ಬಾಬ್ತಿನಲ್ಲಿ ಲೆಕ್ಕ ತೋರಿಸಬೇಕು ಅನ್ನುವುದು ಅದನ್ನು ನೋಡಿದರೆ ಗೊತ್ತಾಗುತ್ತದೆ. ಸಣ್ಣ ಪೇಟೆಯಲ್ಲಿ ವೈರು, ನಟ್ಟು-ಬೋಲ್ಟು ಕೊಂಡಾಗಲೂ ಕಂಪನಿ ಹೆಸರಿಗೆ ಬಿಲ್ ಹಾಕಿಸಿ. ಬಿಳಿ ಚೀಟಿ ನಡೆಯಲ್ಲ. ಒಂದು ಬಾಬ್ತಿನ ದುಡ್ಡನ್ನು ಇನ್ನೊಂದಕ್ಕೆ ತಿರುಗಿಸಬೇಕಾದರೆ ಖರ್ಚು ಮಾಡುವ ಮುಂಚೆ ಈಮೇಲ್‌ನಲ್ಲಿ ಅನುಮತಿ ಕೇಳಿ, ಮಾಡಿದ ಮೇಲೆ ಕೇಳಬೇಡಿ.

ತೆರಿಗೆ ವಿಷಯವನ್ನೂ ಮೊದಲೇ ಸಿಎ ಹತ್ತಿರ ಮಾತಾಡಿ. 2015ರ ಹಣಕಾಸು ಕಾಯ್ದೆ ತಂದ ತಿದ್ದುಪಡಿಯಿಂದ ಸರ್ಕಾರದ ಗ್ರಾಂಟ್, ಸಬ್ಸಿಡಿ ಆದಾಯದ ವ್ಯಾಖ್ಯೆಯೊಳಗೆ ಬರುತ್ತವೆ. ಮಾರ್ಚ್‌ನಲ್ಲಿ ಕಂತು ಬಂದು, ಖರ್ಚು ಮುಂದಿನ ವರ್ಷ ಆದರೆ ಕಾಗದದ ಮೇಲೆ ಲಾಭ ಕಾಣಿಸುತ್ತದೆ. ಅದನ್ನು ಹೇಗೆ ತೋರಿಸಬೇಕು ಅಂತ ಗೊತ್ತಿರುವ ಸಿಎ ಬೇಕು.

ಪ್ರಯೋಗ ಮುಗಿದ ಮೇಲೆ ಫಲಿತಾಂಶ ಚೆನ್ನಾಗಿ ಬರದಿದ್ದರೂ ವರದಿ ಪೂರ್ತಿ ಬರೆದು ಕೊಡಿ. ಹೇಳಿದ ಕೆಲಸ ಮಾಡಿ, ಲೆಕ್ಕ ಸರಿ ಇಟ್ಟವರಿಂದ ಖರ್ಚಾದ ಗ್ರಾಂಟ್ ವಾಪಸ್ ಕೇಳುವುದಿಲ್ಲ, ಉಳಿದದ್ದು ಮಾತ್ರ ವಾಪಸ್ ಹೋಗುತ್ತದೆ. ಚೆನ್ನಾಗಿ ಬಂದಿದ್ದರೆ ಆ ವರದಿಯೇ ನಿಮ್ಮ ಮುಂದಿನ ಮಾರಾಟದ ಕಾಗದ. ಸರ್ಕಾರಿ ಇಲಾಖೆಗಳಿಗೆ ಮಾರುವ ಯೋಚನೆ ಇದ್ದರೆ ಸರ್ಕಾರಿ ಖರೀದಿಗೆ ಇರುವ ಜೆಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿ. ಡಿಪಿಐಐಟಿ ಮಾನ್ಯತೆ ಇರುವ ಸ್ಟಾರ್ಟಪ್‌ಗಳಿಗೆ ಟೆಂಡರ್‌ನಲ್ಲಿ ಇಎಂಡಿ (ಬಿಡ್ ಜೊತೆ ಇಡಬೇಕಾದ ಠೇವಣಿ) ಇಡುವುದರಿಂದ ವಿನಾಯಿತಿ ಇದೆ. ಹಿಂದಿನ ಅನುಭವ, ವಹಿವಾಟಿನ ಷರತ್ತನ್ನೂ ಗುಣಮಟ್ಟ ಸರಿ ಇದ್ದರೆ ಸಡಿಲಿಸಬಹುದು. ಆದರೆ ಅದು ಆಯಾ ಟೆಂಡರ್ ಕರೆದವರಿಗೆ ಬಿಟ್ಟದ್ದು, ಹಾಗಾಗಿ ಬಿಡ್ ಹಾಕುವ ಮುಂಚೆ ದಾಖಲೆಯಲ್ಲಿ ಆ ಸಾಲು ಇದೆಯಾ ಅಂತ ಹುಡುಕಿ, ಇಲ್ಲದಿದ್ದರೆ ಪ್ರೀ-ಬಿಡ್ ಸಭೆಯಲ್ಲಿ ಬರಹದಲ್ಲೇ ಕೇಳಿ.